ಹಳೆಯ ಕ್ಯಾಮೆರಾ: ಯಾವುದು ನಿಮಗೆ ಸೂಕ್ತ?

120 ಫಿಲ್ಮಿನ 6×6 ಸೆಂ.ಮೀ. ನೆಗೆಟಿವ್ 35 ಮಿ.ಮೀ. ಫಿಲ್ಮಿನ ನೆಗೆಟಿವ್‌ಗಿಂತ ಸುಮಾರು ಮೂರೂವರೆ ಪಟ್ಟು ದೊಡ್ಡದು. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿದರೂ ವಿವರ ಮಸುಕಾಗದಿರಲು ಇದೇ ಕಾರಣ. ಇಂಥ ಹಳೆಯ ಕ್ಯಾಮೆರಾ ಕೊಳ್ಳುವ ವಿದ್ಯಾರ್ಥಿಗಳು ಎರಡು ಮಾದರಿಗಳನ್ನು ಹೋಲಿಸಿ ನೋಡಬಹುದು. ಯಾಷಿಕಾ ಮ್ಯಾಟ್-124ಜಿ ಹಗುರ, ರೋಲಿಗೆ 12 ಚಿತ್ರ. ಆದರೆ ಲೆನ್ಸ್ ಬದಲಿಸಲಾಗದು. ಮಾಮಿಯಾ ಆರ್‌ಬಿ67ರಲ್ಲಿ ಲೆನ್ಸ್ ಬದಲಿಸಬಹುದು, ನೆಗೆಟಿವ್ 6×7. ಆದರೆ ರೋಲಿಗೆ 10 ಚಿತ್ರ, ತೂಕ ಎರಡು ಕಿಲೋಗೂ ಹೆಚ್ಚು. ಎರಡರ ಷಟರಿಗೂ ಬ್ಯಾಟರಿ ಬೇಡ. ಓಡಾಡಿ ಚಿತ್ರ ತೆಗೆಯುವವರಿಗೆ ಮೊದಲನೆಯದು, ಸ್ಟ್ಯಾಂಡಿನ ಮೇಲಿಟ್ಟು ತೆಗೆಯುವವರಿಗೆ ಎರಡನೆಯದು ಸೂಕ್ತ.

ಹಣ ಕೊಡುವ ಮೊದಲು ಲೆನ್ಸಿನೊಳಗೆ ಟಾರ್ಚ್ ಬೆಳಕು ಹಾಯಿಸಿ ಬೂಷ್ಟು ಹಿಡಿದಿದೆಯೇ ನೋಡಿ. ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಒಳಗೆ ಜಿಡ್ಡುಗಟ್ಟಿದ್ದರೆ ಅದು ತಡವರಿಸುತ್ತದೆ. ಮಾದರಿಯ ಹೆಸರಿಗಿಂತ ಅದರ ಸ್ಥಿತಿ ಮುಖ್ಯ. ದುರಸ್ತಿಯ ಖರ್ಚು ಕೆಲವೊಮ್ಮೆ ಕೊಂಡ ಬೆಲೆಯನ್ನೇ ಮೀರಬಹುದು.