ಅಧಿಕಾರಿಯ ಓದು

ಬೈಲಹೊಂಗಲದಲ್ಲಿರುವ ಕಿತ್ತೂರು ಚೆನ್ನಮ್ಮನ ಸಮಾಧಿಯ ಮುಂದೆ ನಿಂತವನಿಗೆ ಮೊದಲು ನೆನಪಾಗುವುದು ಆಕೆಯ ಶೌರ್ಯ. ಆದರೆ ಅಧಿಕಾರಿಯಾದವನು ಏನನ್ನು ಕಲಿತಿರಬೇಕೆಂಬ ಪ್ರಶ್ನೆಯೂ ಅಲ್ಲಿಯೇ ಏಳುತ್ತದೆ.

ಕಂಪನಿ ಸರಕಾರವು ತನ್ನ ಅಧಿಕಾರಿಗಳ ಶಿಕ್ಷಣವನ್ನು ಅಲಕ್ಷಿಸಿರಲಿಲ್ಲ. 1806ರಲ್ಲಿ ಸ್ಥಾಪಿತವಾಗಿ ಮುಂದೆ ಹೇಲಿಬರಿಯಲ್ಲಿ ನೆಲೆಸಿದ ಅದರ ಕಾಲೇಜಿನಲ್ಲಿ ಮಾಲ್ಥಸನಂಥ ಪಂಡಿತನೇ ಅಧ್ಯಾಪಕನಾಗಿದ್ದನು. ಭಾಷೆ, ಕಾಯಿದೆ, ಅರ್ಥಶಾಸ್ತ್ರ ಎಲ್ಲವೂ ಪಾಠಪಟ್ಟಿಯಲ್ಲಿದ್ದವು. ಆದರೆ 1824ರಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಮಾನ್ಯ ಮಾಡದೆ ಕಿತ್ತೂರಿನ ಖಜಾನೆಗೆ ಕಾವಲಿರಿಸಿದನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಅವನು ಹತನಾದನು.

ಹೇಲಿಬರಿಯಲ್ಲಿ ಓದಿದ್ದ ಅವನ ಸಹಾಯಕ ವಾಲ್ಟರ್ ಎಲಿಯಟ್ ಸೆರೆಸಿಕ್ಕನು. ಕಿತ್ತೂರಿನವರು ಅವನ ಜೀವಕ್ಕೆ ಕೈಯಿಕ್ಕಲಿಲ್ಲ, ಡಿಸೆಂಬರಿನಲ್ಲಿ ಬಿಟ್ಟುಕೊಟ್ಟರು. ಆದರೂ ಕೋಟೆ ಉಳಿಯಲಿಲ್ಲ; ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಣ್ಮುಚ್ಚಿದಳು. ಬಿಡುಗಡೆಗೊಂಡ ಎಲಿಯಟ್ ಮುಂದೆ ಈ ನಾಡಿನ ನೂರಾರು ಶಾಸನಗಳನ್ನು ಸಂಗ್ರಹಿಸಿದನು. ಕನ್ನಡದ ಕಲಿಕೆಗೆ ಒತ್ತಾಸೆಯಾದನು. ನೆಲದ ಮಾತನ್ನು ಆಲಿಸುವ ಅಧಿಕಾರಿ ಇರಬಲ್ಲನೆಂಬುದಕ್ಕೆ ಅವನು ನಿದರ್ಶನ.

ಸರಕಾರ ಮಾತ್ರ ಆ ಪಾಠವನ್ನು ಕಲಿಯಲಿಲ್ಲ. ಬೈಲಹೊಂಗಲದಿಂದ ಸವದತ್ತಿಯನ್ನು ಹಾದು ಮೂಡಲಿಗೆ ನಡೆದರೆ ರಾಮದುರ್ಗ ಸೀಮೆಯ ಸುರೇಬಾನ. 1858ರಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಹತನಾದುದು ಅಲ್ಲಿಯೇ. ನರಗುಂದದ ಬಾಬಾಸಾಹೇಬನ ಸಿಟ್ಟಿಗೆ ಮೂಲವೂ ನಿರಾಕರಿಸಲ್ಪಟ್ಟ ದತ್ತಕವೇ. ಮೂವತ್ತನಾಲ್ಕು ವರ್ಷಗಳಲ್ಲಿ ಅಧಿಕಾರಿ ಬದಲಾಗಿದ್ದನು, ನಿರಾಕರಣೆ ಬದಲಾಗಿರಲಿಲ್ಲ.

ಸ್ವತಂತ್ರ ಭಾರತವು ಈ ಕೊರತೆಯನ್ನು ತುಂಬಲು ಹೆಣಗಿದೆ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗವು 2007ರಲ್ಲಿ ಆಡಳಿತದ ನೀತಿಯನ್ನು ಕುರಿತೇ ಒಂದು ವರದಿಯನ್ನು ನೀಡಿತು. 2013ರಿಂದ ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯಿದೆ. ಕರ್ನಾಟಕದ 2011ರ ಸಕಾಲ ಕಾಯಿದೆ ಸೇವೆಗಳಿಗೆ ದಿನಗಳ ಗಡುವನ್ನು ವಿಧಿಸಿತು.

ಇವೆಲ್ಲ ಬೇಕು, ಇಷ್ಟೇ ಸಾಲದು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಉತಾರದಲ್ಲಿ ವಾರಸಾ ಹಚ್ಚಿಸಲು ತಾಲೂಕು ಕಚೇರಿಗೆ ಬಂದು ನಿಂತಾಗ, ಕಿತ್ತೂರಿನ ಪ್ರಶ್ನೆಯೇ ಸಣ್ಣ ರೂಪದಲ್ಲಿ ಮರಳಿ ಬಂದಿರುತ್ತದೆ. ಗಡುವನ್ನು ಕಾಯಿದೆ ವಿಧಿಸಬಲ್ಲದು. ತಲೆಯೆತ್ತಿ ಆಕೆಯ ಮಾತನ್ನು ಕೇಳುವ ಮನಸ್ಸನ್ನು ವಿಧಿಸಲಾರದು. ಕೇಳದಿದ್ದರೂ ತನಗೆ ನಡೆಯುತ್ತದೆಂದು ತಿಳಿದೂ ಕೇಳುವವನೇ ಓದಿದ ಅಧಿಕಾರಿ. ನಮ್ಮ ತರಬೇತಿಯ ಶಾಲೆಗಳು ಹೊಸಬರನ್ನು ಒಮ್ಮೆ ಬೈಲಹೊಂಗಲಕ್ಕೆ ಕರೆತಂದರೆ, ಆ ಸಮಾಧಿಯ ಮುಂದೆ ಈ ಪಾಠ ತಾನಾಗಿ ತಿಳಿದೀತು.