ತೇಲುವ ಹಲಗೆ, ತೇಲದ ಆಟ

1989ರ ‘ಬ್ಯಾಕ್ ಟು ದ ಫ್ಯೂಚರ್ 2’ ಸಿನಿಮಾ ಹತ್ತಿಸಿದ ಹೋವರ್‌ಬೋರ್ಡ್ ಹುಚ್ಚು ನನಗಿನ್ನೂ ಬಿಟ್ಟಿಲ್ಲ. ಅಂಥ ತೇಲುವ ಹಲಗೆಯ ಮೇಲೆ ರೇಸೂ ಕಾದಾಟವೂ ಇರುವ ವಿಡಿಯೊ ಆಟವೊಂದನ್ನು ಡೌನ್‌ಲೋಡ್ ಮಾಡಿಕೊಂಡೆ. ಹಲಗೆಗೆ ತೂಕವೇ ಇಲ್ಲ. ಎಂಥ ತಿರುವಿನಲ್ಲೂ ಸೋಪಿನ ತುಂಡಿನಂತೆ ಜಾರುತ್ತದೆ. 1995ರ ರೇಸ್ ಆಟ ‘ವೈಪ್‌ಔಟ್’ನಲ್ಲಿ ವಾಹನ ತೇಲಿದರೂ ಭಾರ ಗೊತ್ತಾಗುತ್ತಿತ್ತು, ಚೂಪು ತಿರುವಿಗೆ ಏರ್‌ಬ್ರೇಕ್ ಒತ್ತಲೇಬೇಕಿತ್ತು.

ಕಾದಾಟವೂ ಅಷ್ಟಕ್ಕಷ್ಟೆ. ಗುರಿಯಿಡಲು ಹೋದರೆ ದಾರಿ ತಪ್ಪುತ್ತದೆ. ಗೋಡೆಗೆ ತಾಗಿದರೆ ಕ್ಯಾಮೆರಾ ಗೋಡೆಯೊಳಗೇ ನುಗ್ಗಿ ಪರದೆ ಕಪ್ಪಾಗುತ್ತದೆ. 1992ರ ‘ಸೂಪರ್ ಮಾರಿಯೊ ಕಾರ್ಟ್’ ಆಟ ರೇಸಿನಲ್ಲಿ ಹಿಂದೆ ಬಿದ್ದವರಿಗೆ ಬಲವಾದ ಅಸ್ತ್ರ ಕೊಟ್ಟು ಪೈಪೋಟಿ ಉಳಿಸಿತ್ತು. ಇಲ್ಲಿ ಎಲ್ಲರಿಗೂ ಒಂದೇ ಕ್ಷಿಪಣಿ, ಹಿಂದೆ ಬಿದ್ದವನ ಕಥೆ ಮುಗಿಯಿತು. ಆನ್‌ಲೈನ್‌ನಲ್ಲಿ ಎದುರಾಳಿಯೇ ಸಿಗುವುದಿಲ್ಲ. ಇಂಥ ಆಟಕ್ಕೆ ದುಡ್ಡು ಕೊಡುವ ಮುನ್ನ, ಡೆಮೊ ಇದ್ದರೆ ಆಡಿ ನೋಡಿ.