ಗಾಳಿ ಎದ್ದರೆ ಬೀದರ ವಿಮಾನ ಯಾಕೆ ನಿಲ್ಲುತ್ತದೆ?

"ಬಸ್ಸಿಗೆ ಗಾಳಿ-ಮಳೆ ಲೆಕ್ಕಕ್ಕಿಲ್ಲ. ಅಷ್ಟು ರೊಕ್ಕ ಕೊಟ್ಟು ಹತ್ತೋ ವಿಮಾನಕ್ಕ ಏನ್ ಧಾಡಿ ಆಗ್ಯಾದ್ರೀ?"

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನಿಂತವರಾಗಲಿ, ಸಸ್ತಾಪುರ ಬಂಗ್ಲಾದಲ್ಲಿ ಚಹಾ ಕುಡಿಯುವವರಾಗಲಿ ಹೀಗೆ ಕೇಳಿದರೆ ತಪ್ಪೇನಿಲ್ಲ. 2020ರ ಫೆಬ್ರುವರಿ 7ರಂದು ಬೆಂಗಳೂರು–ಬೀದರ ವಿಮಾನ ಶುರುವಾದಾಗ ನಮ್ಮ ತಾಲ್ಲೂಕುಗಳಿಗೂ ರಾಜಧಾನಿ ಒಮ್ಮೆಲೇ ಹತ್ತಿರವಾಯಿತು. ಸೇವೆ ನಡುವೆ ನಿಂತದ್ದೂ ಉಂಟು, ಮತ್ತೆ ಶುರುವಾದದ್ದೂ ಉಂಟು. ಆ ಕಥೆ ಬೇರೆ. ಆಸ್ಪತ್ರೆಗೆ ಅಂತ ಹೊರಟವನಿಗೆ, ಕೋರ್ಟಿನ ತಾರೀಖು ಇದ್ದವನಿಗೆ ಒಂದು ತಾಸು ತಡವಾದರೂ ಜೀವ ಚಡಪಡಿಸುತ್ತದೆ.

ಮೊದಲು ಗಾಳಿಯ ಲೆಕ್ಕ ನೋಡೋಣ. ಒಂದು ವಿಮಾನ ಏಳಲು ಅದರ ರೆಕ್ಕೆಗೆ ಗಂಟೆಗೆ 220 ಕಿ.ಮೀ. ವೇಗದಲ್ಲಿ ಗಾಳಿ ತಾಗಬೇಕು ಅಂತಿಟ್ಟುಕೊಳ್ಳಿ. ಎದುರಿನಿಂದ 30 ಕಿ.ಮೀ. ಗಾಳಿ ಬೀಸುತ್ತಿದ್ದರೆ ನೆಲದ ಮೇಲೆ 190ರಲ್ಲಿ ಓಡಿದರೆ ಸಾಕು. ಅದೇ ಗಾಳಿ ಬೆನ್ನಿಗೆ ಬಂದರೆ 250ರಲ್ಲಿ ಓಡಬೇಕು. ರನ್‌ವೇ ಮಾತ್ರ ಉದ್ದವಾಗುವುದಿಲ್ಲ! ಅದಕ್ಕೇ ಪೈಲಟ್ ಯಾವಾಗಲೂ ಗಾಳಿಗೆ ಮುಖ ಮಾಡಿ ಹೊರಡಲು ನೋಡುತ್ತಾನೆ. ಬೀದರ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಗಾಳಿ ಇನ್ನಷ್ಟು ತೆಳ್ಳಗಾಗಿ ಓಟ ಮತ್ತೂ ಉದ್ದವಾಗುತ್ತದೆ.

ಅಡ್ಡಗಾಳಿಯ ಪಾಠವನ್ನು ಕಲ್ಯಾಣದ ಲಾರಿ ಡ್ರೈವರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಖಾಲಿ ಲಾರಿಗೆ ತಾಡಪತ್ರಿ ಕಟ್ಟಿಕೊಂಡು ಹೈವೇ ಮೇಲೆ ಬರುವಾಗ ಸ್ಟೇರಿಂಗ್ ಎತ್ತ ಎಳೆಯುತ್ತದೆ ಅಂತ ಅವರಿಗೆ ಗೊತ್ತು. ಪೈಲಟ್ ಕೂಡ ಗಾಳಿ ಬರುವ ಕಡೆಯ ರೆಕ್ಕೆ ಏಳದಂತೆ ಒತ್ತಿ ಹಿಡಿದು, ಕಾಲಿನಿಂದ ಬಾಲದ ಚುಕ್ಕಾಣಿ ತುಳಿದು ನೇರ ಓಡಿಸುತ್ತಾನೆ. ನೆಲ ಬಿಟ್ಟ ಮೇಲೆ ಮೂತಿಯನ್ನು ಸ್ವಲ್ಪ ಗಾಳಿಯ ಕಡೆ ತಿರುಗಿಸುತ್ತಾನೆ. ಕೆಳಗಿನಿಂದ ನೋಡಿದವರಿಗೆ ವಿಮಾನ ಓರೆಯಾಗಿ ಹೋದಂತೆ ಕಾಣುತ್ತದೆ. ಹೆದರಬೇಡಿ, ದಾರಿ ನೆಟ್ಟಗೇ ಇರುತ್ತದೆ. ಆದರೆ ಇದಕ್ಕೂ ಒಂದು ಮಿತಿ ಉಂಟು. ಅದು ದಾಟಿದರೆ ಹೊರಡುವ ಹಾಗಿಲ್ಲ.

ನಿಜವಾದ ಯಮ ಇರುವುದು ಗುಡುಗುಮೋಡದ ಕೆಳಗೆ. ಅಂಗಳದಲ್ಲಿ ಕೊಡ ನೀರು ಸುರಿದರೆ ಹೇಗೆ ನಾಲ್ಕೂ ಕಡೆ ಹರಡುತ್ತದೆಯೋ ಹಾಗೆ ತಣ್ಣನೆಯ ಗಾಳಿ ಮೇಲಿಂದ ಧಪ್ಪನೆ ಬಿದ್ದು ಹರಡುತ್ತದೆ. ಆಗಷ್ಟೇ ಎದ್ದ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕು ಏರುವುದು ಸಲೀಸಾಗುತ್ತದೆ. ಮರುಗಳಿಗೆ ಗಾಳಿ ಮೇಲಿಂದ ತುಳಿಯುತ್ತದೆ. ಆಮೇಲೆ ಬೆನ್ನಿಗೆ ತಿರುಗಿ ರೆಕ್ಕೆಯ ಬಲವನ್ನೇ ಕಿತ್ತುಕೊಳ್ಳುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1982ರ ಜುಲೈ 9ರಂದು ಪ್ಯಾನ್ ಆಮ್ ವಿಮಾನ ಎದ್ದ ಕೂಡಲೇ ಇಂಥ ಗಾಳಿಗೆ ಸಿಕ್ಕು ಮನೆಗಳ ಮೇಲೆ ಬಿತ್ತು. ಒಳಗಿದ್ದ 145 ಮಂದಿ, ನೆಲದ ಮೇಲಿದ್ದ 8 ಮಂದಿ ಸತ್ತರು. ಇಂಥದಕ್ಕೆ ಸಿಕ್ಕಿದರೆ ಎಂಜಿನ್ನಿನ ಪೂರಾ ಬಲ ಕೊಟ್ಟು, ಮೂತಿ ಎತ್ತಿ ಹಿಡಿದು, ಪಾರಾಗುವ ತನಕ ಚಕ್ರವನ್ನೂ ಮಡಚದೆ ಹೋಗಬೇಕೆಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ಅದಕ್ಕಿಂತ ಒಳ್ಳೆಯ ಉಪಾಯ ಎಂದರೆ ಹೊರಡದೇ ಇರುವುದು. ಈ ಗಾಳಿಯ ಆಯುಷ್ಯ ಹತ್ತು-ಹದಿನೈದು ನಿಮಿಷ ಮಾತ್ರ.

"ಮೋಡ ಕಂಡರೆ ಪಕ್ಕಕ್ಕ ತಿರುಗಿಸಿಕೊಂಡು ಹೋಗಬಾರದೇನ್ರೀ?" ಎನ್ನುತ್ತೀರಿ. ಬೀದರದ ಗುಟ್ಟು ಇರುವುದೇ ಇಲ್ಲಿ. ನಿಲ್ದಾಣ ವಾಯುಪಡೆಯದು. ಫೈಟರ್ ಪೈಲಟ್ ಆಗುವ ಹುಡುಗರು ಇಲ್ಲಿ ಕಲಿಯುತ್ತಾರೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲೇ, ಹಾಕ್ ಜೆಟ್‌ಗಳು 2008ರಲ್ಲಿ ಸೇರಿದ್ದೂ ಇಲ್ಲೇ. ಪೂರ್ವಕ್ಕೆ ಹೈದರಾಬಾದ್ ಕಡೆ ಹೋದರೆ ದುಂಡಿಗಲ್, ಹಕೀಂಪೇಟೆಗಳಲ್ಲೂ ವಾಯುಪಡೆಯ ತರಬೇತಿಯೇ. ಆಕಾಶಕ್ಕೆ ಬೇಲಿ ಕಾಣುವುದಿಲ್ಲ, ಆದರೆ ನಕಾಶೆಯಲ್ಲಿ ಇದೆ. ಇಷ್ಟು ಎತ್ತರ, ಇಷ್ಟು ಅಗಲ, ಇಷ್ಟು ಹೊತ್ತು, ಅಪ್ಪಣೆ ಇಲ್ಲದೆ ಒಳಗೆ ಬರಬೇಡ! ಎಡಕ್ಕೋ ಬಲಕ್ಕೋ ತಿರುಗಬೇಕಾದರೆ ಕಂಟ್ರೋಲ್ ಟವರಿನ ಒಪ್ಪಿಗೆ ಬೇಕು. ಜೀವಕ್ಕೆ ಕುತ್ತು ಬಂದಾಗ ನಿಯಮ ಮೀರುವ ಅಧಿಕಾರ ಪೈಲಟ್‌ಗೆ ಇದ್ದೇ ಇದೆ. ಆದರೆ ಅತ್ತ ಕಡೆಯಿಂದ ಹೊಸಬ ಹುಡುಗನೊಬ್ಬ ಜೆಟ್ ತರುತ್ತಿದ್ದರೆ? ಹಾಗಾಗಿ ಜಾಣ ಪೈಲಟ್ ಎಂಜಿನ್ ಚಾಲೂ ಮಾಡುವ ಮುಂಚೆಯೇ ಯಾವ ಕಡೆ ದಾರಿ ಬಿಡುತ್ತೀರಿ ಎಂದು ಕೇಳಿಕೊಳ್ಳುತ್ತಾನೆ. ಒಂದು ಕಡೆ ಮೋಡ, ಇನ್ನೊಂದು ಕಡೆ ಬೇಲಿ ಇದ್ದರೆ ನಿಂತೇಬಿಡುತ್ತಾನೆ.

ಕಾಯಿಸುವುದು ತಪ್ಪಲ್ಲ. ಆದರೆ ಕಾರಣ ಹೇಳದೆ ಕಾಯಿಸುವುದು ಸರಿಯಲ್ಲ. "ಗಾಳಿ ಜೋರಿದೆ, ಅರ್ಧ ತಾಸು ನೋಡುತ್ತೇವೆ" ಅಂತ ಕನ್ನಡದಲ್ಲಿ ಎರಡು ಮಾತು ಕೂಗಿದರೆ ಯಾವ ಸಾಹುಕಾರನೂ ಕೌಂಟರಿಗೆ ಹೋಗಿ ಜಗಳ ಆಡುವುದಿಲ್ಲ. ಬೇಸಿಗೆಯಲ್ಲಿ ಸಂಜೆಯ ಗುಡುಗು ಹೊತ್ತಿಗೆ ಟಿಕೆಟ್ ತೆಗೆದವರು ಬಂದಿಳಿದ ಮೇಲೆ ಕಲ್ಯಾಣಕ್ಕೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮೊದಲೇ ವಿಚಾರಿಸಿಡಿ. ಮತ್ತೆ, ಕಾಯುತ್ತ ಬೇಸರ ಬಂತೆಂದು ಜೆಟ್‌ಗಳ ಫೋಟೋ ತೆಗೆಯಲು ಹೋಗಬೇಡಿ. ಅಲ್ಲಿ ಅದಕ್ಕೆ ಮನಾಯಿ ಇದೆ.